ಕವಿ-ಗಣಿತಜ್ಞ ಪೀಟ್ ಹೈನ್

ಆಟವೆಂದೊಡನೆ ಹಿರಿಯರ ಮುಖದಲ್ಲಿ ಕೊಂಚ ಅಸಮಾಧಾನ ಮೂಡುವುದು ಲೋಕರೂಢಿ. ಧರ್ಮರಾಯನು ಪಗಡೆಯ ಹಾಸಿನ ಮುಂದೆ ಕುಳಿತು ರಾಜ್ಯಕೋಶಗಳನ್ನು ಕಳೆದುಕೊಂಡ ಕಥೆಯನ್ನು ಕೇಳಿ ಬೆಳೆದ ನಾಡಿನಲ್ಲಿ ಈ ಅಳುಕು ಸಹಜವೇ ಆಗಿದೆ. ಆದರೆ ದಾಳದ ಹಂಗಿಲ್ಲದ, ಅದೃಷ್ಟಕ್ಕೆ ಎಡೆಗೊಡದ, ಬುದ್ಧಿಯೊಂದನ್ನೇ ಬಂಡವಾಳವಾಗಿ ಉಳ್ಳ ಆಟಗಳೂ ಲೋಕದಲ್ಲಿ ಉಂಟು. ಅಂತಹ ಆಟವೊಂದನ್ನು ಕಲ್ಪಿಸಿ, ಅದರ ಮೂಲಕ ಗಹನವಾದ ಗಣಿತತತ್ತ್ವವೊಂದನ್ನು ಮಕ್ಕಳ ಕೈಗೂ ಎಟುಕುವಂತೆ ಮಾಡಿದ ಮಹನೀಯರು ಡೆನ್ಮಾರ್ಕ್ ದೇಶದ ಪೀಟ್ ಹೈನ್. ಇವರು ಕವಿಗಳು, ಗಣಿತಪ್ರಿಯರು, ಯಂತ್ರಶೋಧಕರು, ಶಿಲ್ಪವಿನ್ಯಾಸಕರು. ಕಲೆಗೂ ವಿಜ್ಞಾನಕ್ಕೂ ನಡುವೆ ಗೋಡೆಯಿದೆಯೆಂದು ನಂಬಿದ್ದ ಕಾಲದಲ್ಲಿ ಆ ಗೋಡೆಯನ್ನು ಲೆಕ್ಕಿಸದೆ ಎರಡೂ ಅಂಗಳಗಳಲ್ಲಿ ನಿಶ್ಚಿಂತೆಯಿಂದ ಓಡಾಡಿದವರು.

ಜನನ ಮತ್ತು ವಿದ್ಯಾಭ್ಯಾಸ

ಪೀಟ್ ಹೈನ್ ಅವರು 1905ನೆಯ ಇಸವಿ ಡಿಸೆಂಬರ್ 16ರಂದು ಡೆನ್ಮಾರ್ಕಿನ ರಾಜಧಾನಿಯಾದ ಕೋಪನ್‌ಹೇಗನ್ ನಗರದಲ್ಲಿ ಜನಿಸಿದರು. ತಂದೆ ಯಾಲ್ಮಾರ್ ಹೈನ್ ಎಂಜಿನಿಯರರು. ತಾಯಿ ಎಸ್ಟ್ರಿಡ್ ಹೈನ್ ನೇತ್ರವೈದ್ಯೆ. ಸ್ತ್ರೀಯರ ಹಕ್ಕುಗಳಿಗಾಗಿ ಶ್ರಮಿಸಿದ ಧೀಮಂತ ಮಹಿಳೆ. ಹದಿನೇಳನೆಯ ಶತಮಾನದಲ್ಲಿ ಖ್ಯಾತನಾದ ಅದೇ ಹೆಸರಿನ ಡಚ್ಚರ ನೌಕಾಧಿಪತಿಯೊಬ್ಬನ ವಂಶದವರು ತಾವೆಂಬುದು ಈ ಮನೆತನದ ಹೇಳಿಕೆ.

ಬಾಲಕನ ಮನಸ್ಸು ಒಂದೇ ಶಾಸ್ತ್ರಕ್ಕೆ ಕಟ್ಟುಬೀಳುವಂತಹುದಾಗಿರಲಿಲ್ಲ. ತಾರುಣ್ಯದಲ್ಲಿ ಸ್ವೀಡನ್ ದೇಶದ ಸ್ಟಾಕ್‌ಹೋಮಿಗೆ ಹೋಗಿ ಚಿತ್ರಕಲೆಯನ್ನು ಅಭ್ಯಾಸಮಾಡಿದರು. ಅಲ್ಲಿಂದ ಮರಳಿ ಬಂದು ಕೋಪನ್‌ಹೇಗನ್ ವಿಶ್ವವಿದ್ಯಾನಿಲಯದಲ್ಲಿ ಭೌತವಿಜ್ಞಾನವನ್ನೂ, ತಾಂತ್ರಿಕ ವಿದ್ಯಾಲಯದಲ್ಲಿ ಯಂತ್ರಶಾಸ್ತ್ರವನ್ನೂ ವ್ಯಾಸಂಗಿಸಿದರು. ಆಗ ಕೋಪನ್‌ಹೇಗನ್ ಭೌತವಿಜ್ಞಾನಿಗಳಿಗೆ ತೀರ್ಥಕ್ಷೇತ್ರವಾಗಿತ್ತು. ನೀಲ್ಸ್ ಬೋರ್ ಅವರ ಸಂಸ್ಥೆಗೆ ಯೂರೋಪಿನ ಮೂಲೆಮೂಲೆಗಳಿಂದ ತರುಣ ವಿದ್ವಾಂಸರು ಬಂದು ಸೇರುತ್ತಿದ್ದರು. ಆ ಮಹಾನುಭಾವರ ಸಾನ್ನಿಧ್ಯದಲ್ಲಿ ಬೆಳೆದ ಹೈನ್, ಮುಂದೆ ಬೋರ್ ಅವರೊಡನೆ ಬುದ್ಧಿಚಾತುರ್ಯದ ವಾಗ್ವಿನೋದಗಳಲ್ಲಿ ಸರಿಸಮನಾಗಿ ತೊಡಗುವಷ್ಟು ಆಪ್ತರಾದರು.

ಇದೇ ಕಾಲದ ಒಂದು ಪ್ರಸಂಗವು ಅವರ ಮನೋಧರ್ಮವನ್ನು ಚೆನ್ನಾಗಿ ತೋರಿಸುತ್ತದೆ. ಜರ್ಮನಿಯ ಪ್ರಸಿದ್ಧ ವಿಜ್ಞಾನಿ ಹೈಸೆನ್‌ಬರ್ಗ್ ಅವರು ಕ್ವಾಂಟಮ್ ಸಿದ್ಧಾಂತದ ಮೇಲೆ ಉಪನ್ಯಾಸ ಮಾಡುತ್ತಿದ್ದರು. ಆಕಾಶವನ್ನು ಘನಾಕೃತಿಗಳಾಗಿ ಕತ್ತರಿಸುವ ಮಾತು ಬಂದಾಗ ಹೈನ್ ಅವರ ಮನಸ್ಸು ಬೇರೊಂದು ದಾರಿ ಹಿಡಿಯಿತು. ಸಮಗಾತ್ರದ ಮೂರು ಅಥವಾ ನಾಲ್ಕು ಘನಗಳನ್ನು ಅಂಟಿಸಿ, ಎಲ್ಲಿಯಾದರೂ ಒಂದು ಮೂಲೆ ಒಳಸರಿದಿರುವಂತೆ ಎಷ್ಟು ಆಕೃತಿಗಳನ್ನು ಮಾಡಬಹುದು? ಏಳು. ಈ ಏಳರಲ್ಲಿ ಒಟ್ಟು 27 ಚಿಕ್ಕ ಘನಗಳಿವೆ. ಏಳನ್ನೂ ಕೂಡಿಸಿದರೆ ಮೂರು ಮೂರರ ಒಂದು ದೊಡ್ಡ ಘನವೇ ಆಗುತ್ತದೆ. ಸೋಮಾ ಘನವೆಂದು ಲೋಕಪ್ರಸಿದ್ಧವಾದ ಜೋಡಣೆಯ ಆಟವು ಹೀಗೆ ಉಪನ್ಯಾಸದ ನಡುವೆ ಹುಟ್ಟಿತು. ಅದನ್ನು 240 ಬಗೆಗಳಲ್ಲಿ ಜೋಡಿಸಬಹುದೆಂದು 1961ರಲ್ಲಿ ಜಾನ್ ಕಾನ್ವೇ ಮತ್ತು ಮೈಕೇಲ್ ಗೈ ಎಂಬ ಗಣಿತಜ್ಞರು ಕೈಲೆಕ್ಕದಿಂದಲೇ ಕಂಡುಹಿಡಿದರು.

ಪರತಂತ್ರದ ದಿನಗಳು

1940ನೆಯ ಇಸವಿ ಏಪ್ರಿಲ್ 9ರಂದು ಹಿಟ್ಲರನ ಸೇನೆ ಡೆನ್ಮಾರ್ಕನ್ನು ಆಕ್ರಮಿಸಿತು. ಚಿಕ್ಕ ದೇಶ, ಎದುರಿಸಿ ನಿಲ್ಲುವ ಬಲ ಅದಕ್ಕಿರಲಿಲ್ಲ. ಒಂದೇ ಮುಂಜಾವಿನಲ್ಲಿ ಸ್ವಾತಂತ್ರ್ಯ ಕಳೆದುಹೋಯಿತು. ಹೈನ್ ಅವರು ಅದಕ್ಕೆ ಮೊದಲೇ ನಾಜಿ ವಿರೋಧಿ ಸಂಘವೊಂದರ ಅಧ್ಯಕ್ಷರಾಗಿದ್ದವರು. ಅವರ ಮುಂದೆ ಮೂರು ದಾರಿಗಳಿದ್ದವು. ಏನನ್ನೂ ಮಾಡದೆ ಸುಮ್ಮನಿರುವುದು ಒಂದು. ನೆರೆಯ ಸ್ವೀಡನ್ನಿಗೆ ಹೋಗಿ ಆಶ್ರಯ ಪಡೆಯುವುದು ಮತ್ತೊಂದು. ಪ್ರತಿಭಟನೆಗೆ ಇಳಿಯುವುದು ಮೂರನೆಯದು. ಅವರು ಮೂರನೆಯದನ್ನೇ ಆರಿಸಿಕೊಂಡರು. ಅವರಿಗೆ ಒಲಿದ ಆಯುಧ ಲೇಖನಿ.

ಅದೇ ತಿಂಗಳಿನಿಂದ ಪೊಲಿಟಿಕನ್ ಎಂಬ ದಿನಪತ್ರಿಕೆಯಲ್ಲಿ ಕುಂಬೆಲ್ ಎಂಬ ಅಂಕಿತದಲ್ಲಿ ಪುಟ್ಟ ಪುಟ್ಟ ಪದ್ಯಗಳು ಪ್ರಕಟವಾಗತೊಡಗಿದವು. ಕುಂಬೆಲ್ ಎಂಬುದು ಸಮಾಧಿಯ ಮೇಲೆ ನಿಲ್ಲಿಸುವ ಕಲ್ಲಿಗೆ ಪ್ರಾಚೀನ ಭಾಷೆಯಲ್ಲಿದ್ದ ಹೆಸರು. ಈ ಪದ್ಯಗಳನ್ನು ಗ್ರುಕ್ ಎಂದು ಕರೆದರು. ನಗು ಮತ್ತು ನಿಟ್ಟುಸಿರು ಎಂಬ ಎರಡು ಡೇನಿಷ್ ಪದಗಳು ಕೂಡಿ ಈ ಹೆಸರಾಗಿದೆಯೆಂದು ಜನರು ಅರ್ಥಮಾಡಿಕೊಂಡರು. ನಮ್ಮ ಸಾಹಿತ್ಯದ ಮುಕ್ತಕಗಳಂತೆ ತಮ್ಮಷ್ಟಕ್ಕೆ ತಾವು ಪೂರ್ಣವಾದ, ನಾಲ್ಕೈದು ಸಾಲುಗಳಲ್ಲಿ ಒಂದು ಲೋಕಾನುಭವವನ್ನು ಅಡಗಿಸಿದ ರಚನೆಗಳಿವು.

ಮೊದಮೊದಲಿನ ಗ್ರುಕ್‌ಗಳಲ್ಲಿ ಒಂದು ಕೈಗವಸನ್ನು ಕುರಿತುದು. ಎರಡು ಕೈಗವಸುಗಳಲ್ಲಿ ಒಂದು ಕಳೆದುಹೋದರೆ ದುಃಖವೇ ಸರಿ. ಆದರೆ ಉಳಿದ ಒಂದನ್ನೂ ಬಿಸುಟ ಮೇಲೆ ಕಳೆದುದು ಸಿಕ್ಕಿಬಿಟ್ಟರೆ ಆ ದುಃಖಕ್ಕೆ ಎಣೆಯಿಲ್ಲ ಎಂಬುದು ಅದರ ಭಾವ. ಆಳುವವರ ಕಾವಲುಗಣ್ಣಿಗೆ ಇದು ಒಂದು ಹಾಸ್ಯಪದ್ಯವಾಗಿಯೇ ಕಂಡಿತು. ಡೆನ್ಮಾರ್ಕಿನ ಜನರು ಮಾತ್ರ ಅದರ ಧ್ವನಿಯನ್ನು ಗ್ರಹಿಸಿದರು. ಕಳೆದುಹೋದ ಕೈಗವಸು ದೇಶದ ಸ್ವಾತಂತ್ರ್ಯ, ಉಳಿದಿರುವುದು ಆತ್ಮಗೌರವ. ಸ್ವಾತಂತ್ರ್ಯ ಹೋಯಿತೆಂದು ಆತ್ಮಗೌರವವನ್ನೂ ಶತ್ರುವಿಗೆ ಒಪ್ಪಿಸಿಬಿಟ್ಟರೆ, ಮುಂದೊಂದು ದಿನ ಸ್ವಾತಂತ್ರ್ಯ ಮರಳಿದಾಗ ಮುಖವೆತ್ತಿ ನಿಲ್ಲುವುದೆಂತು? ಈ ಪದ್ಯವು ಊರೂರ ಗೋಡೆಗಳ ಮೇಲೆ ಕಾಣಿಸಿಕೊಂಡಿತು. ವಾಚ್ಯವನ್ನು ಮಾತ್ರ ಬಲ್ಲ ಅಧಿಕಾರವನ್ನು ವ್ಯಂಗ್ಯದಿಂದ ಮೀರಿದುದು ಕವಿಯ ಗೆಲವು.

ಆಟದ ಉದಯ

ಕೈಯಲ್ಲಿ ಪದ್ಯವಿದ್ದರೂ ಮನಸ್ಸಿನಲ್ಲಿ ಗಣಿತ ನಡೆದೇ ಇತ್ತು. ಭೂಪಟದಲ್ಲಿ ಗಡಿ ಹಂಚಿಕೊಂಡ ಯಾವ ಎರಡು ದೇಶಗಳಿಗೂ ಒಂದೇ ಬಣ್ಣ ಬಾರದಂತೆ ತುಂಬಲು ನಾಲ್ಕು ಬಣ್ಣಗಳು ಸಾಕೇ ಎಂಬ ಪ್ರಶ್ನೆ 1852ರಿಂದ ಗಣಿತಜ್ಞರನ್ನು ಕಾಡುತ್ತಿತ್ತು. 1976ರವರೆಗೆ ಅದು ಬಿಡಿಸಲಾಗದ ಗಂಟಾಗಿಯೇ ಉಳಿದಿತ್ತು. ಹೈನ್ ಅವರೂ ಅದನ್ನು ಕುರಿತು ಚಿಂತಿಸುತ್ತಿದ್ದರು. ಒಂದು ಬಯಲಿನ ನಾಲ್ಕು ದಿಕ್ಕುಗಳಲ್ಲಿ ನಾಲ್ಕು ದೇಶಗಳಿವೆಯೆಂದು ಭಾವಿಸಬಹುದು. ಪೂರ್ವದವನೂ ಪಶ್ಚಿಮದವನೂ ಬಯಲಿನ ನಡುವೆ ಕೈಚಾಚಿ ಒಬ್ಬರನ್ನೊಬ್ಬರು ಮುಟ್ಟಿದರೆ, ಉತ್ತರದವನಿಗೂ ದಕ್ಷಿಣದವನಿಗೂ ಆ ಬಯಲಿನೊಳಗೆ ಸೇರುವ ಹಾದಿ ಇಲ್ಲವಾಗುತ್ತದೆ. ಸಮತಲದ ಈ ಸರಳಧರ್ಮವನ್ನೇ ಒಂದು ಆಟವಾಗಿಸಿದರೆ ಹೇಗೆಂಬ ಆಲೋಚನೆ ಅವರಲ್ಲಿ ಮೊಳೆಯಿತು.

1942ನೆಯ ಇಸವಿ ಡಿಸೆಂಬರ್ 26ರ ಪೊಲಿಟಿಕನ್ ಪತ್ರಿಕೆಯಲ್ಲಿ ಈ ಆಟ ಬೆಳಕು ಕಂಡಿತು. ಆಗ ಅದರ ಹೆಸರು ಪಾಲಿಗಾನ್, ಎಂದರೆ ಬಹುಭುಜ. ಮಣೆಯನ್ನು ಮುದ್ರಿಸಿದ ಕಾಗದದ ಪುಸ್ತಿಕೆಗಳು ಮಾರಾಟಕ್ಕೆ ಬಂದವು. ಬಿಡಿಸಬೇಕಾದ ಸಮಸ್ಯೆಗಳು ಪತ್ರಿಕೆಯಲ್ಲಿ ಅಚ್ಚಾದವು. ಕಾಯಿಗಳು ಬೇಕಿರಲಿಲ್ಲ, ಎರಡು ಪೆನ್ಸಿಲ್ಲುಗಳಿದ್ದರೆ ಸಾಕಾಗಿತ್ತು. ಕಿಟಕಿಗಳಿಗೆ ಕಪ್ಪು ತೆರೆ ಕಟ್ಟಿ ದೀಪ ಮರೆಮಾಡಬೇಕಾಗಿದ್ದ ಆ ದಿನಗಳ ಇರುಳುಗಳಲ್ಲಿ, ಮನೆಯೊಳಗೆ ಕುಳಿತ ಜನರಿಗೆ ಬುದ್ಧಿಗೆ ಸಾಣೆ ಹಿಡಿಯುವ ಸಾಧನವೊಂದು ಹೀಗೆ ದೊರೆಯಿತು.

ಆಟದ ವಿಧಾನ ಹೀಗಿದೆ. ಮಣೆಯು ಓರೆಯಾದ ಚೌಕದಂತೆ, ವಜ್ರದ ಆಕಾರದಲ್ಲಿರುತ್ತದೆ. ಜೇನುಗೂಡಿನ ಕಣ್ಣುಗಳಂತಹ ಷಟ್ಕೋನದ ಮನೆಗಳು ಸಾಲಿಗೆ 11ರಂತೆ 11 ಸಾಲು, ಒಟ್ಟು 121. ಎದುರುಬದುರಿನ ಎರಡು ಅಂಚುಗಳು ಕಪ್ಪು ಬಿಲ್ಲೆಯವನಿಗೆ, ಉಳಿದೆರಡು ಬಿಳಿಯವನಿಗೆ. ಇಬ್ಬರೂ ಸರದಿಯಂತೆ ಒಂದೊಂದು ಬಿಲ್ಲೆಯನ್ನು ಯಾವುದಾದರೂ ಬರಿದು ಮನೆಯಲ್ಲಿ ಇಡಬೇಕು. ಇಟ್ಟ ಬಿಲ್ಲೆಯನ್ನು ಸರಿಸುವಂತಿಲ್ಲ; ಎದುರಾಳಿಯ ಬಿಲ್ಲೆಯನ್ನು ಹೊಡೆಯುವಂತಿಲ್ಲ. ಚದುರಂಗದಂತೆ ಇಲ್ಲಿ ಯಾರೂ ಸಾಯುವುದಿಲ್ಲ. ತನ್ನ ಎರಡು ಅಂಚುಗಳನ್ನು ಕಡಿಯದ ಸರಪಳಿಯಿಂದ ಮೊದಲು ಕೂಡಿಸಿದವನೇ ಗೆದ್ದವನು. ನಿಯಮಗಳು ಇಷ್ಟೇ. ಆದರೆ ಮೊದಲ ನಾಲ್ಕು ನಡೆಗಳಷ್ಟರಲ್ಲಿಯೇ ಬಿಲ್ಲೆಗಳನ್ನು ಒಂದರ ಮೇಲೊಂದರಂತೆ ಇಡುವ ಬಗೆಗಳು 20,38,89,840 ಆಗುತ್ತವೆ!

ಆಟದ ಗಣಿತ

ಈ ಆಟದ ಮೊದಲ ವಿಶೇಷವೆಂದರೆ, ಇದು ಎಂದಿಗೂ ಸಮವಾಗಿ ಮುಗಿಯದು. ಒಬ್ಬರು ಗೆದ್ದೇ ಗೆಲ್ಲಬೇಕು. ಬಿಳಿಯ ಬಿಲ್ಲೆಗಳನ್ನು ನೀರೆಂದೂ ಕಪ್ಪು ಬಿಲ್ಲೆಗಳನ್ನು ಮಣ್ಣೆಂದೂ ಭಾವಿಸಿದರೆ ತತ್ತ್ವ ಸುಲಭವಾಗಿ ಮನದಟ್ಟಾಗುತ್ತದೆ. ಉತ್ತರದಿಂದ ದಕ್ಷಿಣಕ್ಕೆ ನೀರು ಹರಿದರೆ ಬಿಳಿಯವನು ಗೆದ್ದಂತೆ. ನೀರು ಹರಿಯದೆ ನಿಂತಿತೆಂದರೆ, ಪೂರ್ವದಿಂದ ಪಶ್ಚಿಮದವರೆಗೆ ಬಿರುಕಿಲ್ಲದ ಏರಿಯೊಂದು ಅದನ್ನು ತಡೆದಿದೆಯೆಂದೇ ಅರ್ಥ. ಆ ಏರಿಯೇ ಕಪ್ಪಿನವನ ಗೆಲವು. ಆದುದರಿಂದ ಎದುರಾಳಿಯನ್ನು ಪೂರ್ಣವಾಗಿ ತಡೆಯುವುದೂ ತನ್ನ ದಾರಿಯನ್ನು ಪೂರ್ಣವಾಗಿ ಕಟ್ಟಿಕೊಳ್ಳುವುದೂ ಇಲ್ಲಿ ಒಂದೇ ಕಾರ್ಯದ ಎರಡು ಹೆಸರುಗಳು.

ಷಟ್ಕೋನವೇ ಏಕೆ ಬೇಕು, ಚೌಕದ ಮನೆಗಳು ಸಾಲವೇ ಎಂಬ ಶಂಕೆ ಏಳಬಹುದು. ಚೌಕಗಳ ಹಾಸಿನಲ್ಲಿ ಒಂದೊಂದು ಬಿಂದುವಿನಲ್ಲಿ ನಾಲ್ಕು ಮನೆಗಳು ಸೇರುತ್ತವೆ. ಮೂಲೆಯಿಂದ ಮೂಲೆಗೆ ಎರಡು ಕಪ್ಪು, ಎರಡು ಬಿಳಿ ಬಿದ್ದರೆ ಅಂಚು ತಾಗದ ಕಾರಣ ಇಬ್ಬರ ದಾರಿಯೂ ಅಲ್ಲಿ ಕಡಿಯುತ್ತದೆ. ಆಟ ಅನಿರ್ಣಯದಲ್ಲಿ ನಿಲ್ಲುತ್ತದೆ. ಷಟ್ಕೋನಗಳಲ್ಲಾದರೆ ಪ್ರತಿಯೊಂದು ಬಿಂದುವಿನಲ್ಲಿ ಸೇರುವವು ಮೂರೇ ಮನೆಗಳು. ಮೂರರಲ್ಲಿ ಎರಡಾದರೂ ಒಂದೇ ಬಣ್ಣದವಾಗಿರಲೇಬೇಕು. ತುಂಬಿದ ಮಣೆಯ ಒಂದು ಮೂಲೆಯಿಂದ ಹೊರಟು, ಎಡಗಡೆ ಕಪ್ಪು, ಬಲಗಡೆ ಬಿಳಿ ಇರುವಂತೆ ಮನೆಗಳ ಅಂಚುಗಳ ಮೇಲೆ ಬೆರಳಿಟ್ಟು ನಡೆದರೆ, ಪ್ರತಿಯೊಂದು ಕವಲಿನಲ್ಲಿ ಮುಂದುವರಿಯಲು ಒಂದೇ ಒಂದು ದಾರಿ ಇರುತ್ತದೆ. ಬೆರಳು ಎಲ್ಲಿಯೂ ಸಿಕ್ಕಿಬೀಳದು, ನಡೆದ ಬಿಂದುವಿಗೆ ಮರಳದು. ಮಣೆ ಪರಿಮಿತವಾದುದರಿಂದ ಕೊನೆಗೆ ಇನ್ನೊಂದು ಮೂಲೆಗೆ ಬಂದು ಹೊರಬೀಳಲೇಬೇಕು. ಆಗ ಎಡಗಡೆಯ ಕಪ್ಪುಮನೆಗಳೋ ಬಲಗಡೆಯ ಬಿಳಿಮನೆಗಳೋ ಒಂದು ಅಂಚಿನಿಂದ ಎದುರಂಚಿಗೆ ಸರಪಳಿಯಾಗಿ ನಿಂತಿರುವುದು ಕಾಣುತ್ತದೆ.

ಆಟವನ್ನು ಕಲಿಯುವವರು ಮೊದಲು ಅರಿಯಬೇಕಾದ ಉಪಾಯಕ್ಕೆ ಸೇತುವೆಯೆಂದು ಹೆಸರು. ಒಬ್ಬನ ಎರಡು ಬಿಲ್ಲೆಗಳು ಒಂದಕ್ಕೊಂದು ತಾಗದೆ ಇವೆ; ಆದರೆ ನಡುವಿನ ಎರಡು ಬರಿದು ಮನೆಗಳು ಎರಡು ಬಿಲ್ಲೆಗಳಿಗೂ ತಾಗಿವೆ. ಎದುರಾಳಿ ಒಂದು ಮನೆಯನ್ನು ಹಿಡಿದರೆ ಇನ್ನೊಂದನ್ನು ತಾನು ಹಿಡಿಯಬಹುದು. ಆದುದರಿಂದ ಅವು ಕೂಡದಿದ್ದರೂ ಕೂಡಿದಂತೆಯೇ. ಅವಸರಪಟ್ಟು ಪಕ್ಕಪಕ್ಕದಲ್ಲಿ ಬಿಲ್ಲೆ ಜೋಡಿಸುವವನಿಗಿಂತ ದೂರದಲ್ಲಿ ನಿಂತು ಇಂತಹ ಸೇತುವೆಗಳನ್ನು ಕಲ್ಪಿಸುವವನೇ ಗೆಲ್ಲುತ್ತಾನೆ.

ಕಡಲಾಚೆಯ ಕೀರ್ತಿ

1948ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ತರುಣ ವಿದ್ಯಾರ್ಥಿ ಜಾನ್ ನ್ಯಾಶ್ ಇದೇ ಆಟವನ್ನು ಸ್ವತಂತ್ರವಾಗಿ ಕಂಡುಕೊಂಡರು. ಇವರೇ ಮುಂದೆ 1994ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ಪಡೆದವರು. ಅವರು ಸಾಧಿಸಿದ ಒಂದು ಪ್ರಮೇಯವು ತರ್ಕಶಾಸ್ತ್ರ ಬಲ್ಲವರಿಗೆ ಪರಮಾನಂದವನ್ನು ಕೊಡುವಂತಹುದು. ದೋಷವಿಲ್ಲದೆ ಆಡಿದರೆ ಮೊದಲು ಬಿಲ್ಲೆ ಇಡುವವನಿಗೆ ಗೆಲವು ನಿಶ್ಚಿತವೆಂಬುದೇ ಆ ಪ್ರಮೇಯ. ಎರಡನೆಯವನಿಗೆ ಸದಾ ಗೆಲ್ಲುವ ತಂತ್ರವೊಂದಿದೆಯೆಂದು ಪೂರ್ವಪಕ್ಷವನ್ನು ಹಿಡಿಯೋಣ. ಹಾಗಿದ್ದರೆ ಮೊದಲನೆಯವನು ಎಲ್ಲಿಯಾದರೂ ಒಂದು ಬಿಲ್ಲೆಯನ್ನಿಟ್ಟು, ಅದನ್ನು ಮರೆತವನಂತೆ, ತಾನೇ ಎರಡನೆಯವನೆಂದು ಭಾವಿಸಿ ಆ ತಂತ್ರವನ್ನೇ ಅನುಸರಿಸಬಹುದು. ಹೆಚ್ಚಿನ ಬಿಲ್ಲೆಯಿಂದ ಈ ಆಟದಲ್ಲಿ ಎಂದಿಗೂ ಹಾನಿಯಿಲ್ಲ. ತಂತ್ರವು ಆ ಮನೆಯನ್ನೇ ಬೇಡಿದರೆ ಅಲ್ಲಿ ಬಿಲ್ಲೆ ಇದ್ದೇ ಇದೆ. ಬೇರೊಂದನ್ನು ಮತ್ತೆಲ್ಲಿಯಾದರೂ ಇಟ್ಟರಾಯಿತು. ಆಗ ಇಬ್ಬರೂ ಗೆಲ್ಲಬೇಕಾಗುತ್ತದೆ, ಇದು ಅಸಂಗತ. ಆದುದರಿಂದ ಪೂರ್ವಪಕ್ಷ ಬಿದ್ದುಹೋಯಿತು. ಆಟ ಸಮವಾಗಲು ಎಡೆಯಿಲ್ಲದ ಕಾರಣ ಗೆಲವು ಮೊದಲನೆಯವನದೇ ಎಂಬುದು ಸಿದ್ಧಾಂತ.

ಇಷ್ಟಾದರೂ ಆಟದ ಸ್ವಾರಸ್ಯ ಕೆಡಲಿಲ್ಲ. ಗೆಲ್ಲುವ ದಾರಿ ಇದೆಯೆಂದು ಪ್ರಮೇಯ ಸಾರುತ್ತದೆ. ಅದು ಯಾವುದೆಂದು ತೋರಿಸುವುದಿಲ್ಲ. ಗಣಕಯಂತ್ರಗಳ ಯುಗದಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾನಿಲಯದವರು ಬಹುವರ್ಷಗಳ ಪರಿಶ್ರಮದಿಂದ 2013ರ ವೇಳೆಗೆ ಒಂಬತ್ತು ಸಾಲಿನ ಮಣೆಯ ಎಲ್ಲ ಮೊದಲ ನಡೆಗಳ ಫಲವನ್ನು ನಿರ್ಣಯಿಸಿದರು. ಹೈನ್ ಅವರು ರೂಪಿಸಿದ ಹನ್ನೊಂದು ಸಾಲಿನ ಮಣೆ ಮಾತ್ರ ತನ್ನ ಗುಟ್ಟನ್ನು ಪೂರ್ತಿಯಾಗಿ ಬಿಟ್ಟುಕೊಟ್ಟಿಲ್ಲ. ಮೊದಲನೆಯವನಿಗಿರುವ ಅನುಕೂಲವನ್ನು ಸರಿದೂಗಿಸಲು ಆಟಗಾರರು ಒಂದು ನಿಯಮವನ್ನು ಇಟ್ಟುಕೊಂಡಿದ್ದಾರೆ. ಮೊದಲ ಬಿಲ್ಲೆಯನ್ನು ಇಟ್ಟೊಡನೆ ಎರಡನೆಯವನು ಬಯಸಿದರೆ ಆ ಪಕ್ಷವನ್ನೇ ತನ್ನದಾಗಿಸಿಕೊಳ್ಳಬಹುದು. ಅಣ್ಣನು ಹೋಳು ಮಾಡಿದರೆ ಆರಿಸಿಕೊಳ್ಳುವ ಹಕ್ಕು ತಮ್ಮನದು ಎಂಬ ಮನೆಯ ನ್ಯಾಯವೇ ಇದು.

1952ರಲ್ಲಿ ಅಮೆರಿಕದ ಪಾರ್ಕರ್ ಸೋದರರ ಸಂಸ್ಥೆ ಈ ಆಟವನ್ನು ಹೆಕ್ಸ್ ಎಂಬ ಹೆಸರಿನಿಂದ ಮಾರುಕಟ್ಟೆಗೆ ತಂದಿತು. ಆ ಹೆಸರೇ ನಿಂತಿತು. 1957ರಲ್ಲಿ ಮಾರ್ಟಿನ್ ಗಾರ್ಡ್ನರ್ ಅವರು ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯಲ್ಲಿ ಬರೆದ ಲೇಖನದಿಂದ ಹೈನ್ ಅವರ ಕೀರ್ತಿ ದೇಶದೇಶಗಳಿಗೆ ಹಬ್ಬಿತು. ಮಾಹಿತಿಶಾಸ್ತ್ರದ ಜನಕರಾದ ಕ್ಲಾಡ್ ಶಾನನ್ ಅವರು ಮಣೆಯನ್ನೇ ಒಂದು ವಿದ್ಯುಜ್ಜಾಲವಾಗಿ ರಚಿಸಿ, ಈ ಆಟವನ್ನು ಚೆನ್ನಾಗಿ ಆಡಬಲ್ಲ ಯಂತ್ರವನ್ನು ನಿರ್ಮಿಸಿದರು. 1979ರಲ್ಲಿ ಡೇವಿಡ್ ಗೇಲ್ ಎಂಬ ಗಣಿತಜ್ಞರು, ಇಲ್ಲಿ ಒಬ್ಬರು ಗೆಲ್ಲಲೇಬೇಕೆಂಬ ಸರಳಸತ್ಯವೂ ಉನ್ನತ ಗಣಿತದ ಬ್ರೌವರ್ ಸ್ಥಿರಬಿಂದು ಪ್ರಮೇಯವೂ ಪರಸ್ಪರ ಸಮಾನವೆಂದು ತೋರಿಸಿಕೊಟ್ಟರು. ವಿದ್ವಾಂಸರು ವರ್ಷಗಟ್ಟಲೆ ವ್ಯಾಸಂಗಿಸಿ ಅರಿಯುವ ತತ್ತ್ವವೊಂದು ಮಕ್ಕಳ ಆಟದಲ್ಲಿ ಅಡಗಿ ಕುಳಿತಿತ್ತು.

ವೃತ್ತ-ಚೌಕಗಳ ನಡುವೆ

ಯುದ್ಧಾನಂತರದ ಹೈನ್ ಅವರ ಸಾಧನೆಗಳಲ್ಲಿ ಒಂದನ್ನಾದರೂ ಇಲ್ಲಿ ಸ್ಮರಿಸಬೇಕು. 1959ರಲ್ಲಿ ಸ್ಟಾಕ್‌ಹೋಮ್ ನಗರದ ನಡುವೆ, ಸೆರ್ಗೆಲ್ ಚೌಕದಲ್ಲಿ, ವಾಹನಗಳು ಸುತ್ತಿಹೋಗುವ ಒಂದು ಆವರಣ ರಚಿಸಬೇಕಾಗಿತ್ತು. ಸ್ಥಳವು ಆಯತಾಕಾರವಾಗಿತ್ತು. ಆಯತವನ್ನೇ ಇಟ್ಟರೆ ಮೂಲೆಗಳಲ್ಲಿ ವಾಹನಗಳಿಗೆ ತೊಡಕು. ದೀರ್ಘವೃತ್ತವನ್ನಿಟ್ಟರೆ ತುದಿಗಳು ಚೂಪಾಗಿ ಜಾಗ ವ್ಯರ್ಥ. ಸಲಹೆಗಾಗಿ ಹೈನ್ ಅವರ ಬಳಿಗೆ ಬಂದರು. ದೀರ್ಘವೃತ್ತದ ಸಮೀಕರಣದಲ್ಲಿ ಘಾತವು 2. ಆ ಘಾತವನ್ನು ಹೆಚ್ಚಿಸುತ್ತ ಹೋದಂತೆ ಆಕೃತಿಯು ಆಯತದತ್ತ ಸರಿಯುತ್ತದೆ. ಹೈನ್ ಅವರು ಎರಡೂವರೆಯಲ್ಲಿ ನಿಲ್ಲಿಸಿದರು. ಕಣ್ಣಿಗೂ ಹಿತವಾದ, ಕಾರ್ಯಕ್ಕೂ ಒದಗಿದ ಈ ಆಕೃತಿಗೆ ಅತಿದೀರ್ಘವೃತ್ತವೆಂದು ಹೆಸರಾಯಿತು. ಮೇಜುಗಳು, ದೀಪಗಳು, ಪಾತ್ರೆಗಳು ಇದೇ ರೂಪದಲ್ಲಿ ತಯಾರಾದವು. ಇದೇ ಬಾಗಿನ ಲೋಹದ ಮೊಟ್ಟೆಯೊಂದು ಯಾವ ಆಧಾರವೂ ಇಲ್ಲದೆ ತುದಿಯ ಮೇಲೆ ನೆಟ್ಟಗೆ ನಿಲ್ಲುವುದನ್ನು ಕಂಡು ಜನರು ಬೆರಗಾದರು.

ಗ್ರುಕ್‌ಗಳ ರಚನೆ ಜೀವನದುದ್ದಕ್ಕೂ ನಡೆಯಿತು. ಡೇನಿಷಿನಲ್ಲಿಯೂ ಇಂಗ್ಲಿಷಿನಲ್ಲಿಯೂ ಅವರು ಬರೆದ ಗ್ರುಕ್‌ಗಳು ಸಾವಿರಾರು. ಸೈಬರ್ನೆಟಿಕ್ಸ್ ಶಾಸ್ತ್ರದ ಪ್ರವರ್ತಕರಾದ ನಾರ್ಬರ್ಟ್ ವೀನರ್ ಅವರು 1964ರಲ್ಲಿ ಪ್ರಕಟವಾದ ತಮ್ಮ ಗ್ರಂಥವನ್ನು ಹೈನ್ ಅವರಿಗೆ ಅರ್ಪಿಸಿದರು. 1972ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯವು ಗೌರವ ಡಾಕ್ಟರೇಟ್ ಪದವಿಯನ್ನಿತ್ತು ಸನ್ಮಾನಿಸಿತು. ಕೆಲವು ವರ್ಷ ಇಂಗ್ಲೆಂಡಿನಲ್ಲಿ ವಾಸಿಸಿ, 1976ರಲ್ಲಿ ತಾಯ್ನಾಡಿಗೆ ಮರಳಿ ಫೂನ್ ದ್ವೀಪದಲ್ಲಿ ನೆಲೆಸಿದರು. 1996ನೆಯ ಇಸವಿ ಏಪ್ರಿಲ್ 17ರಂದು, ತೊಂಬತ್ತು ವರ್ಷಗಳ ತುಂಬುಜೀವನವನ್ನು ಮುಗಿಸಿ ಅಲ್ಲಿಯೇ ದಿವಂಗತರಾದರು.

1945ನೆಯ ಇಸವಿ ಮೇ 5ರಂದು ಡೆನ್ಮಾರ್ಕ್ ಬಿಡುಗಡೆ ಹೊಂದಿತ್ತು. ಕಳೆದ ಕೈಗವಸು ಮರಳಿ ದೊರೆತಿತ್ತು. ಐದು ವರ್ಷಗಳ ಕಾಲ ಉಳಿದ ಕೈಗವಸನ್ನು ಬಿಸುಡದೆ ಕಾಪಾಡಿಕೊಂಡವರಿಗೆ ಅಂದು ಮುಖವೆತ್ತಿ ನಿಲ್ಲುವ ಭಾಗ್ಯ ಲಭಿಸಿತು. ಅವರ ಪೈಕಿ ಪೀಟ್ ಹೈನ್ ಒಬ್ಬರು. ಅವರು ಬಿಟ್ಟುಹೋದ ಆಟಕ್ಕೆ ದುಬಾರಿಯ ಸಲಕರಣೆ ಬೇಕಿಲ್ಲ. ಪಾಠಶಾಲೆಯ ಬಾಲಕರು ಒಂದು ಹಾಳೆಯ ಮೇಲೆ ಜೇನುಗೂಡಿನ ಮನೆಗಳನ್ನು ಬರೆದು, ಹುಣಿಸೆಬೀಜಗಳನ್ನೂ ಕವಡೆಗಳನ್ನೂ ಕಾಯಿಗಳಾಗಿ ಇಟ್ಟುಕೊಂಡು ಆಡಬಹುದು. ಎದುರಿನವನು ಎಷ್ಟೇ ಅಡ್ಡಗಟ್ಟಿದರೂ ಮಣೆ ತುಂಬುವುದರೊಳಗೆ ಯಾರದಾದರೂ ದಾರಿ ಕೂಡಿಯೇ ತೀರುವುದೆಂಬುದು ನಿಶ್ಚಯ. ಅದು ತನ್ನದಾಗಬೇಕಾದರೆ ಪ್ರತಿಯೊಂದು ಬಿಲ್ಲೆಯನ್ನೂ ಯೋಚಿಸಿ ಇಡಬೇಕು. ಏಕೆಂದರೆ ಒಮ್ಮೆ ಇಟ್ಟುದನ್ನು ಮತ್ತೆ ಎತ್ತುವಂತಿಲ್ಲ.